ನಲ್ಲಿ ತಿರುಗಿಸುವಾಗ ನೆನಪಾಗಬೇಕಾದ ಸರ್ ಎಂ.ವಿ.

ಬೆಂಗಳೂರು ದಕ್ಷಿಣ: ಜಯನಗರ, ಬನಶಂಕರಿ, ಜೆ.ಪಿ. ನಗರದ ಮನೆಗಳಲ್ಲಿ ಕಾವೇರಿ ನೀರು ಬರೋ ದಿನ ಎಲ್ಲರಿಗೂ ಗಡಿಬಿಡಿ. ಬೇಸಿಗೆಯಲ್ಲಿ ಆ ನೀರಿಗೆ ದೊಡ್ಡ ಆಸರೆ ಕೆ.ಆರ್.ಎಸ್. ಅದರ ಹಿಂದಿದ್ದ ಇಂಜಿನಿಯರ್ ಸರ್ ಎಂ. ವಿಶ್ವೇಶ್ವರಯ್ಯ. ನಮ್ಮ ಪಕ್ಕದ ವಿ.ವಿ. ಪುರಂ, ಅಂದ್ರೆ ವಿಶ್ವೇಶ್ವರಪುರಂ, ಅವರ ಹೆಸರಿನದೇ.

ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿದರು. ಅಲ್ಲಿ ಬ್ಲಾಕ್ ಪದ್ಧತಿ ತಂದರು. ನಾಲೆ ಬಯಲನ್ನು ಭಾಗ ಮಾಡಿ, ಬೆಳೆ ಬದಲಿಸುತ್ತಾ ಸರದಿಯಂತೆ ನೀರು ಕೊಡೋದು. ಇದರಿಂದ ಹೆಚ್ಚು ರೈತರಿಗೆ ನೀರು ತಲುಪುತ್ತೆ, ಭೂಮಿ ಜೌಗಾಗೋದೂ ತಪ್ಪುತ್ತೆ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿದಾಗ, ಪ್ರವಾಹ ತಡೆಯುವ ಯೋಜನೆ ಕೊಟ್ಟವರೂ ಇವರೇ.

1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿ ಬಳಿ ಅಣೆಕಟ್ಟೆ ಕೆಲಸ ಶುರುವಾಯಿತು. ಮದ್ರಾಸ್ ಸರ್ಕಾರ ತಕರಾರು ತೆಗೆದು, ಮೊದಲಿಗೆ 80 ಅಡಿಗೆ ಮಾತ್ರ ಒಪ್ಪಿಗೆ ಸಿಕ್ಕಿತು. ಆದರೂ ತಳಪಾಯ ಹಾಕಿದ್ದು ಪೂರ್ತಿ ಎತ್ತರಕ್ಕೇ. 1912ರಿಂದ 1918ರವರೆಗೆ ದಿವಾನರಾಗಿದ್ದು ಕೆಳಗಿಳಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯಲ್ಲೇ 1931ರ ಹೊತ್ತಿಗೆ ಕಟ್ಟೆ ಮುಗಿಯಿತು.

ಆಮೇಲೆ ಮಂಡ್ಯದ ಚಹರೆಯೇ ಬದಲಾಯಿತು. ಮಳೆ ನಂಬಿ ರಾಗಿ ಬೆಳೀತಿದ್ದ ಹೊಲಗಳು ಭತ್ತದ ಗದ್ದೆ, ಕಬ್ಬಿನ ತೋಟ ಆದವು. ಇರ್ವಿನ್ ನಾಲೆ ಅಂತಿದ್ದುದು ಮುಂದೆ ವಿಶ್ವೇಶ್ವರಯ್ಯ ನಾಲೆಯಾಯಿತು. 1930ರ ದಶಕದಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು.

ಇದಕ್ಕೆ ಬೆಲೆ ತೆತ್ತವರೂ ಇದ್ದಾರೆ. ಹಳೇ ಕನ್ನಂಬಾಡಿ ಊರು, ದೇವಸ್ಥಾನ ಸಮೇತ ನೀರಿನಡಿ ಹೋಯಿತು. ಜನ ಹುಟ್ಟಿದ ಮಣ್ಣು ಬಿಟ್ಟು ಎದ್ದರು. ನಾಲೆ ಬಂದ ಹೊಸದರಲ್ಲಿ ನಿಂತ ನೀರಿನಿಂದ ಮಲೇರಿಯಾ ಕಾಟವೂ ಹೆಚ್ಚಿತು. ಸರ್ ಎಂ.ವಿ. ಅವರನ್ನು ಹೊಗಳುವಾಗ ಈ ಜನರನ್ನು ಮರೆಯಬಾರದು.

1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲೇ ತೀರಿಕೊಂಡರು. ಕಾವೇರಿ ಮೊದಲ ಹಂತದ ನೀರು ಈ ಊರಿಗೆ ಬಂದಿದ್ದು 1974ರಲ್ಲಿ. ಅದನ್ನು ಅವರು ನೋಡಲಿಲ್ಲ.

ಮಳೆ ಕೈಕೊಟ್ಟ ವರ್ಷ ಅದೇ ಕಟ್ಟೆಯ ನೀರನ್ನು ಮಂಡ್ಯದ ಗದ್ದೆ, ನಮ್ಮ ಸಂಪು, ತಮಿಳುನಾಡಿನ ಬಯಲು ಎಲ್ಲವೂ ಕಾಯುತ್ತವೆ. ನೀರನ್ನು ಅಳೆದು, ಸರದಿಯಂತೆ ಹಂಚಿ ಬಳಸಬೇಕು ಅನ್ನೋದೇ ಅವರ ಬ್ಲಾಕ್ ಪದ್ಧತಿಯ ತಿರುಳು. ಸೆಪ್ಟೆಂಬರ್ 15ಕ್ಕೆ ಹಾರ ಹಾಕಿದರೆ ಸಾಲದು, ತುಂಬಿ ಹರಿಯೋ ಟ್ಯಾಂಕಿನ ಮೋಟಾರನ್ನೂ ಆಫ್ ಮಾಡೋಣ.