ಹುದ್ದೆಯಿಲ್ಲದ ನಾಯಕ: ಪಾಳವಣಕರ ಬಾಳೂ

ಹೊಟ್ಟೆಪಾಡಿಗಾಗಿ ಪುಣೆಯಲ್ಲಿ ನೆಲೆಸಿದ ನಾವು ನಮ್ಮ ಮಕ್ಕಳಿಗೆ ಹೇಳಬೇಕಾದ ಜೀವನಕಥೆಗಳಲ್ಲಿ ಪಾಳವಣಕರ ಬಾಳೂ ಅವರದೊಂದು. ಮನೆತನ ಕೊಂಕಣದ್ದಾದರೂ ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಕೆಲಸ ಕಲಿತು ಹೆಸರಾದದ್ದು ಈ ಪುಣೆಯಲ್ಲಿ.

ಚಮ್ಮಾರ ಮನೆತನದ ಬಡ ಹುಡುಗ. ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳ. ಮೈದಾನಕ್ಕೆ ರೋಲರ್ ಎಳೆಯುವುದು, ಬಲೆ ಕಟ್ಟುವುದು ಕೆಲಸ. ಅಭ್ಯಾಸಕ್ಕೆ ಬಂದ ಸಾಹೇಬರಿಗೆ, ಅದರಲ್ಲೂ ಗ್ರೆಗ್ ಎಂಬವರಿಗೆ, ಗಂಟೆಗಟ್ಟಲೆ ಚೆಂಡೆಸೆದು ಎಡಗೈ ಬೌಲಿಂಗಿನ ಮರ್ಮವನ್ನು ಕಲಿತರು.

ಬಿಳಿಯರನ್ನು ಸೋಲಿಸಬೇಕಾದರೆ ಈತನೇ ಬೇಕೆಂದು ಪುಣೆಯ ಹಿಂದೂ ಕ್ಲಬ್ಬಿನವರು ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಮುಟ್ಟಿದ ಚೆಂಡನ್ನು ಅವರೂ ಮುಟ್ಟಿದರು. ಚಹದ ವೇಳೆಗೆ ಮಾತ್ರ ಅವರಿಗೆ ಹೊರಗೆ ಮಣ್ಣಿನ ಕುಡಿಕೆ! 1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡವು ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಅದರಲ್ಲಿ ಬಾಳೂ ಅವರ ಪಾಲು ದೊಡ್ಡದು. 1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡಕ್ಕೆ ಪಟಿಯಾಳದ ಮಹಾರಾಜರು ನಾಯಕರು. ಅವರು ಆಡಿದ್ದು ಕೆಲವೇ ಪಂದ್ಯಗಳಲ್ಲಿ. ಬಾಳೂ ಅವರು 114 ವಿಕೆಟ್ಟುಗಳನ್ನು ಉರುಳಿಸಿದರು.

ತಂಡಕ್ಕೆ ಎರಡು ಬಗೆಯ ಜನ ಬೇಕು. ಪಟ್ಟಿ, ಪ್ರಯಾಣ, ಊಟ, ಖರ್ಚು ನೋಡುವವರು ವ್ಯವಸ್ಥಾಪಕರು. ಕಷ್ಟ ಬಂದಾಗ ಉಳಿದ ಹತ್ತು ಜನ ಯಾರ ಮುಖ ನೋಡುತ್ತಾರೋ ಆತ ನಾಯಕ. ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಾನು ಮೊದಲನೆಯವರನ್ನು ಹಗುರವಾಗಿ ಕಾಣಲಾರೆ. ಆದರೆ ತಂಡ ಆರಿಸುವ ಹಿರಿಯರು ವರ್ಷವರ್ಷವೂ ಜಾತಿ ನೋಡಿ ನಾಯಕಸ್ಥಾನ ಕೊಟ್ಟರು; ಬಾಳೂ ಅವರಿಗೆ ಅದು ದಕ್ಕಲೇ ಇಲ್ಲ.

1920ರಲ್ಲಿ ಅವರನ್ನು ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ, ವಿಠ್ಠಲರು ಪ್ರತಿಭಟಿಸಿ ಹಿಂದೆ ಸರಿದರು. ಕೊನೆಗೆ ಬಾಳೂ ಅವರನ್ನು ಉಪನಾಯಕರನ್ನಾಗಿ ಕರೆಯಬೇಕಾಯಿತು. ನಾಯಕರಾದ ಪೈ ಅವರು ಕೆಲಹೊತ್ತು ತಾವಾಗಿ ಹೊರನಡೆದು ತಂಡವನ್ನು ಅವರ ಕೈಗೆ ಒಪ್ಪಿಸಿದರು. 1923ರಲ್ಲಿ ವಿಠ್ಠಲರು ನಾಯಕರಾದರು. ಆ ವರ್ಷ ಹಿಂದೂ ತಂಡ ಗೆದ್ದಿತು. ಅಣ್ಣ ಹದಮಾಡಿದ ನೆಲದಲ್ಲಿ ತಮ್ಮ ಬೆಳೆ ಕೊಯ್ದಂತಾಯಿತು.

1932ರಲ್ಲಿ ಯರವಡಾ ಜೈಲಿನಲ್ಲಿ ಆದ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಳೂ ಅವರೂ ಒಬ್ಬರು. 1937ರ ಚುನಾವಣೆಯಲ್ಲಿ ಡಾ. ಅಂಬೇಡ್ಕರರ ಎದುರು ನಿಂತು ಸೋತರು. 1955ರಲ್ಲಿ ತೀರಿಕೊಂಡರು.

ಪರಊರಿನಲ್ಲಿ ಸಂಘ ಕಟ್ಟಿಕೊಂಡ ನಮಗೂ ಇದರಲ್ಲಿ ಪಾಠವಿದೆ. ಕುರ್ಚಿಗೆ ಹೆಸರು ಬರೆಯುವ ಮುನ್ನ ರೋಲರ್ ಎಳೆಯುತ್ತಿರುವವರು ಯಾರೆಂದು ಒಮ್ಮೆ ಕಣ್ಣೆತ್ತಿ ನೋಡೋಣ.