ವಿಶ್ವೇಶ್ವರಯ್ಯ, ಗೇಟು ಮತ್ತು ಟ್ಯಾಪೆಟ್

ಹಳೇ ಫಿಯೆಟ್ 1100 ಗೊತ್ತಲ್ಲ? ಆಮೇಲೆ ಪ್ರೀಮಿಯರ್ ಪದ್ಮಿನಿ ಅಂತ ಹೆಸರಾದ ಕಾರು. ಮದ್ರಾಸ್ ಹತ್ತಿರದ ಶೋಳಾವರಂ ರೇಸ್‌ಗಳಲ್ಲೂ ಓಡಿದೆ. ಅದಕ್ಕೂ ಸರ್ ಎಂ. ವಿಶ್ವೇಶ್ವರಯ್ಯನವರಿಗೂ ಒಂದು ನಂಟಿದೆ. ಅದಕ್ಕೆ ಮೊದಲು ಅದರ ಇಂಜಿನ್ ನೋಡೋಣ.

ನಾಲ್ಕು ಸಿಲಿಂಡರ್, ಎಂಟು ವಾಲ್ವ್. ಕ್ಯಾಮ್ ಪುಶ್‌ರಾಡನ್ನು ತಳ್ಳುತ್ತೆ, ರಾಕರ್ ವಾಲ್ವನ್ನು ಒತ್ತುತ್ತೆ, ಸ್ಪ್ರಿಂಗ್ ಮುಚ್ಚುತ್ತೆ. ಮಧ್ಯೆ ಕೂದಲೆಳೆಯಷ್ಟು ಗ್ಯಾಪ್ ಇರಬೇಕು. ಜಾಸ್ತಿಯಾದರೆ ಟಕಟಕ ಸದ್ದು, ವಾಲ್ವ್ ಪೂರ್ತಿ ತೆರೆಯಲ್ಲ. ಕಮ್ಮಿಯಾದರೆ ಸದ್ದೇ ಇರಲ್ಲ, ಆದರೆ ಬಿಸಿಯಾದಾಗ ವಾಲ್ವ್ ಸರಿಯಾಗಿ ಮುಚ್ಚದೆ ಕಂಪ್ರೆಷನ್ ಸೋರಿ, ಕೊನೆಗೆ ವಾಲ್ವೇ ಸುಡುತ್ತೆ. ಪವರ್ ಇಲ್ಲ ಅಂದ ಕೂಡಲೇ ಬೋರ್ ಮಾಡಿಸಿ ಅನ್ನೋರು ಬಹಳ. ಒಳ್ಳೆ ಮೆಕ್ಯಾನಿಕ್ ಮೊದಲು ಕವರ್ ಬಿಚ್ಚಿ, ಒಂದೊಂದು ವಾಲ್ವನ್ನೂ ಮುಚ್ಚಿದ ಸ್ಥಿತಿಗೆ ತಂದು, ಫೀಲರ್ ಗೇಜ್ ಇಟ್ಟು ಅಳೆಯುತ್ತಾನೆ. ಅದು ಸರಿಯಿದ್ದರೆ ಮಾತ್ರ ಸ್ಪ್ರಿಂಗ್, ಸೀಟ್ ಕಡೆ ಹೋಗುತ್ತಾನೆ.

ವಿಶ್ವೇಶ್ವರಯ್ಯನವರು ಜೀವನಪೂರ್ತಿ ಮಾಡಿದ್ದೂ ಹೆಚ್ಚುಕಮ್ಮಿ ಇದನ್ನೇ. ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿಕೊಂಡು ಬೆಂಗಳೂರಿನಲ್ಲಿ ಓದಿದರು. ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ ಬಾಂಬೆ ಸರ್ಕಾರದ ಕೆಲಸಕ್ಕೆ ಸೇರಿದರು. ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ಇನ್ನಷ್ಟು ನೀರು ನಿಲ್ಲಬೇಕಿತ್ತು. ಗೋಡೆ ಎತ್ತರಿಸುವ ಬದಲು ಅವರು ಗೇಟಿನ ಕಡೆ ನೋಡಿದರು. ಪ್ರವಾಹ ಬಂದಾಗ ತಾನೇ ತೆರೆದು, ಇಳಿದಾಗ ತಾನೇ ಮುಚ್ಚುವ ಗೇಟುಗಳು 1903ರಲ್ಲಿ ಅಲ್ಲಿ ಕೂತವು. ಅದಕ್ಕೆ ಪೇಟೆಂಟೂ ಸಿಕ್ಕಿತು.

ಕಾಲುವೆಗಳಲ್ಲೂ ಅಷ್ಟೇ. ನೀರು ಸಾಲಲ್ಲ ಅನ್ನೋ ಕಡೆ ಜಮೀನನ್ನು ಬ್ಲಾಕ್‌ಗಳಾಗಿ ವಿಂಗಡಿಸಿ, ಬೆಳೆಗೂ ನೀರಿಗೂ ಸರದಿ ಹಾಕಿದರು. 1909ರಲ್ಲಿ ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದರು, 1911ರಲ್ಲಿ ಕೆಆರ್‌ಎಸ್ ಕೆಲಸ ಶುರುವಾಯಿತು, 1912ರಿಂದ 1918ರವರೆಗೆ ದಿವಾನರಾಗಿದ್ದರು. ಅವರ ನಂತರ ಪೂರ್ತಿಯಾದ ಇರ್ವಿನ್ ನಾಲೆಯೇ ಈಗಿನ ವಿಶ್ವೇಶ್ವರಯ್ಯ ನಾಲೆ. ಹುಲಿಕೆರೆ ಸುರಂಗ ದಾಟಿ ಆ ನೀರು ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹರಿದ ಮೇಲೆ ಮಳೆ ನಂಬಿಕೊಂಡಿದ್ದ ಹೊಲಗಳು ಕಬ್ಬು, ಭತ್ತದ ಗದ್ದೆಗಳಾದವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯೂ ಬಂತು.

ಎಪ್ಪತ್ತು ದಾಟಿದ ಮೇಲೆ, 1935ರಲ್ಲಿ, ಕಾರು ಕಾರ್ಖಾನೆಗಳನ್ನು ನೋಡೋಕೆ ಯೂರೋಪ್, ಅಮೆರಿಕಕ್ಕೆ ಹೋದರು. ವಾಪಸ್ ಬಂದು ಇಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ಬೆಂಗಳೂರಿನಲ್ಲಿ ಮಾಡುವ ಮಾತೂ ನಡೆಯಿತು, ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಆ ಒಂದು ಗೇಟು ಅವರ ಕೈಲಿರಲಿಲ್ಲ. ಅವರ ಜೊತೆ ಇದಕ್ಕಾಗಿ ಓಡಾಡಿದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಬಾಂಬೆಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಶುರುಮಾಡಿದರು. ಮುಂದೆ ಫಿಯೆಟ್ 1100 ತಯಾರಾಗಿದ್ದು ಅಲ್ಲೇ.

ನೂರು ವರ್ಷ ತುಂಬು ಬಾಳಿ ವಿಶ್ವೇಶ್ವರಯ್ಯನವರು 1962ರಲ್ಲಿ ತೀರಿಕೊಂಡರು. ಮದ್ದೂರು, ಮಳವಳ್ಳಿಯ ನಾಲೆ ಕೊನೇ ಭಾಗದ ರೈತರು ಈಗಲೂ ಬೇಸಿಗೆಯಲ್ಲಿ ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ಕೆಆರ್‌ಎಸ್‌ನಿಂದ ಬಿಟ್ಟ ನೀರು ದಾರಿಯಲ್ಲಿ ಎಲ್ಲಿ ಸೋರುತ್ತೆ, ಯಾವ ತೂಬು ಸರಿಯಾಗಿ ಮುಚ್ಚಲ್ಲ, ಯಾರ ಸರದಿ ತಪ್ಪುತ್ತೆ? ಪ್ರಾಜೆಕ್ಟ್ ಟಾಪಿಕ್ ಹುಡುಕುತ್ತಿರೋ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಗೆಳೆಯರು ಒಮ್ಮೆ ನಾಲೆ ಏರಿ ಮೇಲೆ ನಡೆದು ನೋಡಿ. ಅಳೆಯೋದಕ್ಕೆ ಅಲ್ಲಿ ಬೇಕಾದಷ್ಟಿದೆ.