ಅಂಟು ಬಿಡಿಸಿದ ಎಡ್ವಾರ್ ಮಿಷೆಲಿನ್

ಎಡ್ವಾರ್ ಮಿಷೆಲಿನ್ (1859–1940) ಕಲಿತದ್ದು ಚಿತ್ರಕಲೆ. ಆದರೆ ಫ್ರಾನ್ಸಿನ ಕ್ಲೆರ್ಮೋಂ-ಫೆರಾಂ ಊರಿನಲ್ಲಿ ಸೊರಗಿದ್ದ ಮನೆತನದ ರಬ್ಬರ್ ಕಾರ್ಖಾನೆಯ ಹೊಣೆ ಹೆಗಲೇರಿತು. 1889ರಲ್ಲಿ ಸವಾರನೊಬ್ಬ ಪಂಕ್ಚರ್ ಆದ ಸೈಕಲ್ ತಂದ. ಗಾಳಿ ತುಂಬುವ ಟೈರು ಆಗ ಹೊಸದು. ಅದನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಕಿತ್ತು ತೇಪೆ ಹಾಕಲು ಮೂರು ಗಂಟೆ, ಅಂಟು ಒಣಗಲು ಇಡೀ ರಾತ್ರಿ! ಮರುದಿನ ಎಡ್ವಾರ್ ಹತ್ತಿ ನೋಡಿದರು, ಸ್ವಲ್ಪ ದೂರಕ್ಕೇ ಮತ್ತೆ ಗಾಳಿ ಹೋಯಿತು. ಆದರೂ ಆ ಮೆತ್ತನೆಯ ಓಟ ಅವರಿಗೆ ಹಿಡಿಸಿತು. ತೊಡಕಿರುವುದು ಗಾಳಿಯಲ್ಲಲ್ಲ, ಅಂಟಿನಲ್ಲಿ ಎಂದು ಗುರುತಿಸಿದ್ದೇ ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ.

1891ರಲ್ಲಿ ಕಳಚಬಲ್ಲ ಟೈರಿಗೆ ಪೇಟೆಂಟ್ ಸಿಕ್ಕಿತು. ಅದನ್ನು ಹಿಡಿದಿದ್ದುದು ಬೋಲ್ಟುಗಳು. ಅದೇ ವರ್ಷ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ನ ಸುಮಾರು 1,200 ಕಿ.ಮೀ. ಪಂದ್ಯವನ್ನು ಶಾರ್ಲ್ ತೆರೋಂ ಆ ಟೈರುಗಳಲ್ಲೇ ಗೆದ್ದರು.

ಇಂದಿನ ಮೌಂಟನ್ ಬೈಕಿನಲ್ಲಿ ಅಂಟೂ ಇಲ್ಲ, ಬೋಲ್ಟೂ ಇಲ್ಲ. ಆದರೂ ಕೆಲವು ಟೈರು ಜಗ್ಗುವುದಿಲ್ಲ. ಪರಿಧಿಯ ಪಾಠಕ್ಕೆ ಇದನ್ನೇ ತರಗತಿಗೆ ಒಯ್ಯಬಹುದು. ಟೈರಿನ ಅಂಚು ಹಿಗ್ಗದು. ಗಾಳಿ ಪೂರ್ತಿ ಬಿಟ್ಟು, ಎರಡೂ ಅಂಚನ್ನು ಸುತ್ತಲೂ ಒತ್ತಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಬೇಕು. ಅಲ್ಲಿ ಪರಿಧಿ ಕಡಿಮೆ. ಹಾಗೆ ಮಿಕ್ಕ ಸಡಿಲವನ್ನು ವಾಲ್ವಿನ ಕಡೆಗೆ ದೂಡಿಕೊಂಡು ಬಂದು, ಲಿವರನ್ನು ಅಲ್ಲಿಯೇ ತೂರಿಸಬೇಕು.